ಕುಸ್ವಾರಿನ ಹಿಂದಿನ ಹಸಿವು

ಡಿಸೆಂಬರ್ ಮೊದಲ ವಾರ ಬಂತೆಂದರೆ ಮಂಗಳೂರಿನ ಬೇಕರಿಗಳ ಗಾಜಿನ ಮೇಲೆ ಒಂದು ಚೀಟಿ ಕಾಣಿಸಿಕೊಳ್ಳುತ್ತದೆ: ‘ಕುಸ್ವಾರ್ ಸಿಗುತ್ತದೆ’. ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ. ಮಿಕ್ಸ್ ಬೇಕಿದ್ದರೆ ಮಿಕ್ಸ್, ಬರೀ ಕಿಡ್ಯೊ ಬೇಕಿದ್ದರೆ ಬರೀ ಕಿಡ್ಯೊ. ಬೆಂಗಳೂರಿಗೆ ಕೊರಿಯರ್ ಉಂಟು, ದುಬೈಗೆ ಹೋಗುವವರಿಗೆ ಬೇರೆಯೇ ಪ್ಯಾಕಿಂಗ್ ಉಂಟು. ಅದೇ ವಾರದಿಂದ ಇನ್ನೊಂದು ಮಾತೂ ಕೇಳಿಬರತೊಡಗುತ್ತದೆ. ಕ್ರಿಸ್‌ಮಸ್ಸಿನ ನಿಜವಾದ ಅರ್ಥವನ್ನು ಮರೆತಿದ್ದೇವೆ, ಹಬ್ಬ ಅಂಗಡಿಯ ಪಾಲಾಯಿತು ಎಂಬ ಮಾತು. ಇಗರ್ಜಿಯ ಶೆರ್ಮಾಂವಿನಲ್ಲೂ (ಪ್ರವಚನದಲ್ಲೂ) ಪತ್ರಿಕೆಯ ಅಂಕಣದಲ್ಲೂ ವರ್ಷವರ್ಷ ತಪ್ಪದೆ ಬರುವುದರಿಂದ ಅದೂ ಈಗ ನಕ್ಷತ್ರದ ಗೂಡುದೀಪದ ಹಾಗೆ ಹಬ್ಬದ ಸಾಮಾನುಗಳಲ್ಲಿ ಒಂದು. ಆ ದೊಡ್ಡ ಮಾತನ್ನು ಸದ್ಯಕ್ಕೆ ಅದನ್ನು ಆಡುವವರಿಗೇ ಬಿಟ್ಟು, ಚೀಟಿಯ ಮೇಲಿನ ಸಣ್ಣ ಪದದ ಜಾಡು ಹಿಡಿಯೋಣ. ಆ ಪದ ಹಾದುಬಂದ ದಾರಿಯಲ್ಲಿ ಅಂಗಡಿ ಸಿಗುವುದು ತೀರ ಕೊನೆಗೆ.

ಕುಸ್ವಾರ್ ಎಂಬುದು ಒಂದು ತಿಂಡಿಯ ಹೆಸರಲ್ಲ. ಮಂಗಳೂರಿನ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆಂದು ಮಾಡುವ ಎಲ್ಲ ಕರಿದ, ಬೇಯಿಸಿದ, ಕಾಯಿಸಿ ಕತ್ತರಿಸಿದ ತಿಂಡಿಗಳಿಗೆ ಒಟ್ಟಾಗಿ ಇರುವ ಹೆಸರು ಅದು. ಎಳ್ಳು, ಕಾಯಿತುರಿ, ಏಲಕ್ಕಿ ತುಂಬಿದ ನೆವ್ರಿ ಅದರಲ್ಲಿ ಬೇಕೇ ಬೇಕು. ನಮ್ಮ ಕರ್ಜಿಕಾಯಿಯ ಒಡಹುಟ್ಟು. ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದರೆ ಕಿಡ್ಯೊ. ಕೊಂಕಣಿಯಲ್ಲಿ ಕಿಡೊ ಎಂದರೆ ಹುಳ, ನೋಡಲೂ ಹಾಗೆಯೇ. ಮುಂಬಯಿಗೆ ಹೋದ ಮೇಲೆ ಇದೇ ಹುಳ ಕುಲ್‌ಕುಲ್ ಎಂಬ ಮರ್ಯಾದಸ್ಥ ಹೆಸರು ಪಡೆಯಿತು. ಅಕ್ಕಿಹಿಟ್ಟು, ತೆಂಗಿನಹಾಲಿನ ಗುಳಿಯೊ, ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲದ್ದಿ ಎಣ್ಣೆಗೆ ಬಿಡುವ ಗುಲಾಬಿ ಹೂವಿನಂಥ ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಎಳ್ಳುಂಡೆ, ಕಡಲೆಬೇಳೆ ಬೇಯಿಸಿ ಸಕ್ಕರೆ ಹಾಕಿ ಮಗುಚಿದ ದೋಸ್, ಪೇರಳೆಯ ಪೆರಾದ್. ಕೊನೆಯ ಎರಡು ಹೆಸರುಗಳು ನೇರ ಪೋರ್ಚುಗೀಸಿನವು. ಅಲ್ಲಿ ‘ದೋಸ್’ ಎಂದರೆ ಸಿಹಿ, ಅಷ್ಟೇ. ನೆವ್ರಿಯನ್ನು ಎಣಿಸಬಹುದು, ಚಕ್ಕುಲಿಯನ್ನು ಎಣಿಸಬಹುದು. ಕುಸ್ವಾರನ್ನು ಎಣಿಸಲು ಬರುವುದಿಲ್ಲ. ‘ಎರಡು ಕುಸ್ವಾರ್ ಕೊಡಿ’ ಎಂದರೆ ಕೊಂಕಣಿಯವರು ನಗುತ್ತಾರೆ.

ಒಟ್ಟು ಪದವೂ ಪೋರ್ಚುಗೀಸಿನದೇ. ಅಲ್ಲಿ ಅದು ‘ಕೊನ್ಸುವಾದ’. ಗೋವೆಯ ಕೊಂಕಣಿಯಲ್ಲಿ ಬಾಲ ಕಳೆದುಕೊಂಡು ‘ಕುಂಸ್ವಾದ್’ ಆಯಿತು. ಇನ್ನೂ ದಕ್ಷಿಣಕ್ಕೆ ಬರುವಾಗ ಮೂಗಿನ ದನಿ ಸವೆದು, ಕೊನೆಯ ದಕಾರ ಹೊರಳಿ ‘ಕುಸ್ವಾಡ್’, ‘ಕುಸ್ವಾರ್’ ಎಂದು ನಿಂತಿತು. ಈ ಹೊರಳುವಿಕೆ ಕನ್ನಡಿಗರಿಗೆ ಹೊಸದೇನಲ್ಲ. ಪೋರ್ಚುಗೀಸರ ‘ತುಆಲ್ಯ’ ನಮ್ಮಲ್ಲಿ ತುವಾಲು ಆದದ್ದೂ, ನಡುವಿನ ಎರಡು ಸ್ವರಗಳ ಮಧ್ಯೆ ಒಂದು ವಕಾರ ನುಸುಳಿದ್ದೂ ಹೀಗೆಯೇ. ಚಾವಿ, ಪಾದ್ರಿ, ಇಗರ್ಜಿ, ಬಟಾಟೆ ಎಲ್ಲವೂ ಅದೇ ಹಡಗಿನವು. ಹಡಗಿನಲ್ಲಿ ವ್ಯಾಪಾರದ ಪದಗಳೂ ಇದ್ದವು. ಪಗಾರ ಬಂದದ್ದು ಅಲ್ಲಿಂದ, ಲಿಲಾವು ಬಂದದ್ದೂ ಅಲ್ಲಿಂದ. ಕುಸ್ವಾರೂ ಲಿಲಾವೂ ಒಂದೇ ಭಾಷೆಯಿಂದ ಬಂದು ಒಂದೇ ಕರಾವಳಿಯಲ್ಲಿ ಇಳಿದವು ಎಂಬುದನ್ನು ಆಮೇಲೆ ನೆನಪಿಟ್ಟುಕೊಂಡರೆ ಸಾಕು.

ಕೊನ್ಸುವಾದ ಪದದ ಬೇರು ಲ್ಯಾಟಿನ್ನಿನ ‘ಕೊನ್ಸೊಲಾರಿ’. ಸಂತೈಸು, ಸಮಾಧಾನ ಹೇಳು ಎಂದರ್ಥ. ಲ್ಯಾಟಿನ್ನಿನಿಂದ ಪೋರ್ಚುಗೀಸಿಗೆ ಬರುವಾಗ ಎರಡು ಸ್ವರಗಳ ನಡುವಿನ ಲಕಾರ ಬಿದ್ದುಹೋಗುವುದು ಆ ಭಾಷೆಯ ಹಳೆಯ ಚಾಳಿ. ಹಾಗೆ ಬಿದ್ದ ಮೇಲೆ ಉಳಿದದ್ದೇ ಈ ರೂಪ. ಮಾತಿನಂತೆ ಅರ್ಥ ಹೇಳಿದರೆ ‘ಸಂತೈಸಿದ್ದು’.

ಸಂತೈಸಿದ್ದು ಯಾರನ್ನು? ದಿನವಿಡೀ ಹಸಿದಿದ್ದ ಹೊಟ್ಟೆಯನ್ನು.

ಇಲ್ಲಿಗೆ ಬಂದಾಗಲೇ ಈ ಪದ ಇಂದಿನ ರಟ್ಟಿನ ಪೆಟ್ಟಿಗೆಯಿಂದ ಎಷ್ಟು ದೂರದಲ್ಲಿ ಹುಟ್ಟಿತು ಎಂದು ತಿಳಿಯುವುದು. ಕಥೋಲಿಕ ಸಭೆಯಲ್ಲಿ ದೊಡ್ಡ ಹಬ್ಬಗಳ ಮುನ್ನಾದಿನ ಉಪವಾಸದ ದಿನವಾಗಿತ್ತು. ಉಪವಾಸ ಎಂದರೆ ನಮ್ಮ ನಿರ್ಜಲ ಏಕಾದಶಿಯಂಥದ್ದಲ್ಲ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ಒಪ್ಪತ್ತು. ದಿನಕ್ಕೆ ಒಂದೇ ಪೂರ್ಣ ಊಟ, ಮಾಂಸ ಮುಟ್ಟುವಂತಿಲ್ಲ. ಸಂಜೆಯ ಹೊತ್ತಿಗೆ ನಿತ್ರಾಣವಾಗುವವರಿಗೆ ಸ್ವಲ್ಪ ಏನಾದರೂ ಬಾಯಿಗೆ ಹಾಕಿಕೊಳ್ಳಲು ಸಭೆ ಒಪ್ಪಿಕೊಂಡಿತ್ತು. ಆ ಸ್ವಲ್ಪಕ್ಕೆ ಪೋರ್ಚುಗೀಸರು ಇಟ್ಟ ಹೆಸರು ಕೊನ್ಸುವಾದ. ಅದು ಊಟವಲ್ಲ. ಊಟವಿಲ್ಲದ ರಾತ್ರಿಗೆ ಒಂದು ಸಮಾಧಾನ.

ಸ್ವಲ್ಪ ಎಂದರೆ ಎಷ್ಟು? ಧರ್ಮಶಾಸ್ತ್ರಿಗಳಿಗೆ ಇಂಥ ಪ್ರಶ್ನೆಗಳೆಂದರೆ ಬಲು ಪ್ರೀತಿ. ಕಾಲಾಂತರದಲ್ಲಿ ರೂಢಿಗೆ ಬಂದ ಅಳತೆ ಎಂಟು ಔನ್ಸ್, ಅಂದರೆ ಸುಮಾರು 225 ಗ್ರಾಂ. ಕ್ರಿಸ್‌ಮಸ್ ಮುನ್ನಾದಿನಕ್ಕೆ ಮಾತ್ರ ಕೈ ತುಸು ಸಡಿಲ. ಬರಲಿರುವುದು ಹುಟ್ಟಿದ ಹಬ್ಬವಾದ್ದರಿಂದ ಇದು ‘ಸಂತೋಷದ ಉಪವಾಸ’, ತುಸು ಹೆಚ್ಚು ತಿಂದರೂ ಪಾಪವಿಲ್ಲ ಎಂದು ಲ್ಯಾಟಿನ್ನಿನಲ್ಲೇ ಒಂದು ಹೆಸರಿಟ್ಟು ಅಪ್ಪಣೆ ಕೊಟ್ಟುಬಿಟ್ಟರು. ಎಂಟು ಔನ್ಸ್ ಎಂದರೆ ಇಂದಿನ ಬೇಕರಿಯ ಕಾಲು ಕೆಜಿ ಪ್ಯಾಕೆಟ್ಟಿಗೆ ಸ್ವಲ್ಪ ಕಡಿಮೆ. ಅಂದು ತೂಗಿದ್ದು ಅಳತೆ ಮೀರಬಾರದೆಂದು, ಇಂದು ತೂಗುವುದು ಬೆಲೆ ಕಟ್ಟಲು. ತಕ್ಕಡಿ ಈ ಪದದ ಜತೆ ಮೊದಲಿನಿಂದಲೂ ಇದೆ.

ಇದೇ ಸಂಜೆಯ ತುತ್ತಿಗೆ ಲ್ಯಾಟಿನ್ನಿನಲ್ಲಿ ಇನ್ನೊಂದು ಹೆಸರಿತ್ತು, ‘ಕೊಲ್ಲಾತ್ಸಿಯೊ’. ಅದರ ಕಥೆ ಇನ್ನೂ ಚೆನ್ನಾಗಿದೆ. ಐದನೆಯ ಶತಮಾನದಲ್ಲಿ ಜಾನ್ ಕಾಸ್ಸಿಯನ್ ಎಂಬ ಸನ್ಯಾಸಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಮಾತುಕತೆಗಳನ್ನು ‘ಕೊಲ್ಲಾತ್ಸಿಯೊನೆಸ್’ ಎಂಬ ಪುಸ್ತಕವಾಗಿ ಬರೆದ. ಮುಂದೆ ಮಠಗಳಲ್ಲಿ ರಾತ್ರಿ ಎಲ್ಲರೂ ಸೇರಿ ಆ ಪುಸ್ತಕವನ್ನು ಓದಿಸಿ ಕೇಳುವ ಪದ್ಧತಿ ಬಂತು. ಓದಿನ ಹೊತ್ತಿಗೆ ಒಂದು ಲೋಟ ಏನಾದರೂ ಕುಡಿಯಲು ಕೊಡುತ್ತಿದ್ದರು. ಲೋಟದ ಜತೆ ರೊಟ್ಟಿಯ ಚೂರು ಬಂತು. ಕೊನೆಗೆ ಪುಸ್ತಕ ಹೋಗಿ ಅದರ ಹೆಸರು ಮಾತ್ರ ರೊಟ್ಟಿಗೆ ಉಳಿಯಿತು. ಪುಸ್ತಕವನ್ನು ತಿಂಡಿ ನುಂಗಿದ ಇಂಥ ಉದಾಹರಣೆ ಭಾಷೆಗಳ ಚರಿತ್ರೆಯಲ್ಲಿ ಹೆಚ್ಚು ಸಿಗಲಿಕ್ಕಿಲ್ಲ.

ಪೋರ್ಚುಗಲ್ಲಿನಲ್ಲಿ ಕೊನ್ಸುವಾದ ಬರಬರುತ್ತ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿಗೇ ಅಂಟಿಕೊಂಡಿತು. ಇವತ್ತಿಗೂ ಅಲ್ಲಿ 24ರ ರಾತ್ರಿ ಮನೆಮಂದಿಯೆಲ್ಲ ಕೂತು ಉಣ್ಣುವ ಊಟಕ್ಕೆ ಅದೇ ಹೆಸರು. ಮೇಜಿನ ಮೇಲಿರುವುದು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು, ಬೇಯಿಸಿದ ಬಟಾಟೆ, ಎಲೆಕೋಸು. ಶ್ರೀಮಂತರ ಮನೆಯಲ್ಲೂ ಒಣಮೀನೇ. ಮಾಂಸ ಬಿಟ್ಟಿದ್ದ ಉಪವಾಸದ ಗುರುತು ಅದು. ಉಪವಾಸ ಹೋದರೂ ಮೀನು ಹೋಗಿಲ್ಲ. ಉತ್ತರದ ಹಳ್ಳಿಗಳಲ್ಲಿ ಈ ಊಟ ಮುಗಿದ ಮೇಲೆ ಮೇಜನ್ನು ಎತ್ತದೆ ಹಾಗೇ ಬಿಡುವ ಪದ್ಧತಿಯುಂಟು. ಎಲ್ಲರೂ ಮಲಗಿದ ಮೇಲೆ ಮನೆಯ ಸತ್ತ ಹಿರಿಯರು ಬಂದು ಉಣ್ಣಲಿ ಎಂದು. ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮುದ್ರದಾಚೆ ಬ್ರೆಜಿಲ್ಲಿನ ಕವಿ ಮಾನುಎಲ್ ಬಂದೇರ ‘ಕೊನ್ಸುವಾದ’ ಎಂದೇ ಹೆಸರಿಟ್ಟು ಒಂದು ಪುಟ್ಟ ಕವಿತೆ ಬರೆದಿದ್ದಾನೆ. ಅದರಲ್ಲಿ ಮನೆ ಒಪ್ಪವಾಗಿದೆ, ಮೇಜು ಸಜ್ಜಾಗಿದೆ, ಬರಬೇಕಾಗಿರುವ ಅತಿಥಿ ಸಾವು. ಕ್ರಿಸ್‌ಮಸ್ಸಿನ ಹೆಸರನ್ನು ಸಾವಿಗೆ ಕೊಟ್ಟನಲ್ಲ ಎಂದು ಬೆರಗಾಗಬೇಕಿಲ್ಲ. ಪದದೊಳಗೆ ಹಸಿವೂ ಇತ್ತು, ಸತ್ತವರಿಗೆ ಬಿಟ್ಟ ತಟ್ಟೆಯೂ ಇತ್ತು. ಕವಿ ಅದನ್ನು ಕೇಳಿಸಿಕೊಂಡ.

ಇದೆಲ್ಲದರ ನಡುವೆ, ಪೋರ್ಚುಗೀಸಿನಲ್ಲೇ, ಪದಕ್ಕೆ ಮೂರನೆಯ ಅರ್ಥವೊಂದು ಸೇರಿಕೊಂಡಿತ್ತು: ಕ್ರಿಸ್‌ಮಸ್ಸಿಗೆ ಕೊಡುವ ಉಡುಗೊರೆ. ಮುನ್ನಾದಿನದ ಸಮಾಧಾನವನ್ನು ತಾನು ತಿಂದರಷ್ಟೇ ಸಾಲದು, ಇನ್ನೊಬ್ಬರಿಗೂ ಕಳಿಸಬೇಕು ಎಂಬಲ್ಲಿಗೆ ಅದು ಬಂತು. ಗೋವೆಯ ಮನೆಗಳಲ್ಲಿ ಬೇರೂರಿದ್ದು ಈ ಅರ್ಥ. ಒಣಮೀನಿನ ಊಟ ಅಲ್ಲೇ ಉಳಿಯಿತು. ಹೊಸ ನೆಲದಲ್ಲಿ ತೆಂಗು, ಅಕ್ಕಿ, ಬೆಲ್ಲ, ಎಳ್ಳು ಇದ್ದವು. ಪದ ಹೊರಗಿನದು, ತಟ್ಟೆಯಲ್ಲಿದ್ದುದು ಹೆಚ್ಚಿನಂಶ ಮೊದಲೇ ಇಲ್ಲಿದ್ದದ್ದು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು, 1560ರಲ್ಲಿ ಅಲ್ಲಿ ಇಂಕ್ವಿಸಿಷನ್ ಕೂತಿತು. ಹೊಸ ಕ್ರೈಸ್ತರ ಅಡಿಗೆಮನೆಯನ್ನು ನೆರೆಯ ಹಿಂದೂ ಅಡಿಗೆಮನೆಯಿಂದ ಬೇರ್ಪಡಿಸಬೇಕೆಂಬುದು ಆ ನ್ಯಾಯಪೀಠದ ಹಟಗಳಲ್ಲಿ ಒಂದು. 1736ರ ಅದರ ಆಜ್ಞೆಯಲ್ಲಿ ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಬೇಯಿಸುವುದಕ್ಕೂ ತಡೆಯಿತ್ತು, ಅಂಗಳದ ತುಳಸಿಗೂ ತಡೆಯಿತ್ತು. ಅನ್ನದ ಉಪ್ಪಿನ ಮೇಲೆ ಕಣ್ಣಿಟ್ಟವರು ಸಿಹಿಯ ವಿಷಯದಲ್ಲಿ ಸೋತರು ಎಂದೇ ಹೇಳಬೇಕು. ನೆವ್ರಿಯನ್ನೇ ನೋಡಿ. ಗೌಡ ಸಾರಸ್ವತರ ಮನೆಗಳಲ್ಲಿ ಚೌತಿಗೆ ನೆವ್ರಿ ಆಗಲೇಬೇಕು, ಕಥೋಲಿಕರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ನೆವ್ರಿ ಆಗಲೇಬೇಕು. ಹೆಸರು ಒಂದೇ, ಆಕಾರ ಒಂದೇ. ಕುಸ್ವಾರ್ ಎಂಬ ಪರದೇಶಿ ಹೆಸರಿನ ನೆರಳಲ್ಲಿ ಹಳೆಯ ಚೌತಿಯ ತಿಂಡಿ ಹೊಸ ಧರ್ಮದೊಳಗೆ ನೆಮ್ಮದಿಯಾಗಿ ಸೇರಿಕೊಂಡಿತು.

ಬರಗಾಲ, ರೋಗರುಜಿನ, ಇಂಕ್ವಿಸಿಷನ್ನಿನ ಕಾಟ, ಮರಾಠರ ದಾಳಿ. ಹೀಗೆ ಒಂದಲ್ಲ ಒಂದು ಕಾರಣಕ್ಕೆ ಗೋವೆಯ ಕ್ರೈಸ್ತರು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಕೆಳದಿಯ ನಾಯಕರಿಗೆ ಒಳ್ಳೆಯ ಬೇಸಾಯಗಾರರು ಬೇಕಿತ್ತು, ನೆಲ ಸಿಕ್ಕಿತು. 1784ರಲ್ಲಿ ಟಿಪ್ಪು ಇವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. 1799ರಲ್ಲಿ ಅವನ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿ ಮನೆ, ಇಗರ್ಜಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಇಷ್ಟೆಲ್ಲ ಆದಮೇಲೂ ಕೊಂಕಣಿ ಉಳಿಯಿತು. ಮಂಗಳೂರಿನಲ್ಲಿ ಅದಕ್ಕೆ ಕನ್ನಡ ಲಿಪಿ ಒದಗಿತು. 1912ರ ‘ಕೊಂಕ್ಣಿ ದಿರ್ವೆಂ’, 1938ರಿಂದ ಬರುತ್ತಿರುವ ‘ರಾಕ್ಣೊ’ ಎಲ್ಲ ಕನ್ನಡ ಅಕ್ಷರದಲ್ಲೇ. ಅದರಿಂದ ಕುಸ್ವಾರ್ ಎಂಬ ಪದ ಕನ್ನಡಿಗರ ಕಣ್ಣಿಗೆ ಅನುವಾದವಾಗದೆ, ಲಿಪ್ಯಂತರವೂ ಆಗದೆ, ನೇರವಾಗಿ ಬಿತ್ತು. ಕಿವಿಗೆ ಅದಕ್ಕೂ ಮೊದಲೇ ಬಿದ್ದಿತ್ತು. ಬಂಟರ, ಬಿಲ್ಲವರ, ಬ್ಯಾರಿಗಳ ಮನೆಗಳಿಗೆ ಡಿಸೆಂಬರಿನಲ್ಲಿ ಆ ತಟ್ಟೆ ಬರುತ್ತಿತ್ತು. ತುಳುವಿನಲ್ಲಿ ಮಾತಾಡುವವರೂ ಅದನ್ನು ಕುಸ್ವಾರ್ ಎಂದೇ ಕರೆದರು.

ತಟ್ಟೆಯ ವಿಷಯ ಸ್ವಲ್ಪ ಹೇಳಬೇಕು. ಡಿಸೆಂಬರ್ ನಡುವಿನಿಂದ ಮನೆಯಲ್ಲಿ ಕೆಲಸ ಶುರು. ಸಂಜೆಯ ತೇರ್ಸ್ ಮುಗಿಸಿ, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿಸಿ, ಚಾಪೆಯ ಮೇಲೆ ಎಲ್ಲರೂ ಕೂರುವುದು. ಕಿಡ್ಯೊ ಸುತ್ತುವುದು ಮಕ್ಕಳ ಪಾಲು, ಎಣ್ಣೆಯ ಮುಂದೆ ಕೂರುವುದು ದೊಡ್ಡವರ ಪಾಲು. ಮಾಡಿದ್ದೆಲ್ಲ ಡಬ್ಬಿಗೆ ಹೋಗುತ್ತದೆ, ಹಬ್ಬದವರೆಗೆ ಮುಚ್ಚಳ ತೆಗೆಯುವಂತಿಲ್ಲ. ಇನ್ನೂ ಆಗಮನ ಕಾಲ ನಡೆದಿದೆ, ಕಾಯುವ ಕಾಲ. ಆ ನಾಲ್ಕು ಭಾನುವಾರಗಳ ಕಾಲದಲ್ಲಿ ಇಗರ್ಜಿಗಳಲ್ಲಿ ಓದುವ ಪಾಠಗಳಲ್ಲಿ ಯೆಶಾಯನ 40ನೆಯ ಅಧ್ಯಾಯವೂ ಒಂದು. ಅದು ಆರಂಭವಾಗುವುದೇ ಜನರನ್ನು ಸಂತೈಸುವ ಕರೆಯಿಂದ. ಪಾಠಕ್ಕೂ ಡಬ್ಬಿಯಲ್ಲಿರುವುದಕ್ಕೂ ಲ್ಯಾಟಿನ್ನಿನಲ್ಲಿ ಒಂದೇ ಧಾತು ಎಂದು ಕೂತವರಿಗೆ ಗೊತ್ತಿರಬೇಕಾದ್ದೇನಿಲ್ಲ. ಹಬ್ಬಕ್ಕೆ ಡಬ್ಬಿ ತೆರೆದಾಗ ಮೊದಲು ತುಂಬುವುದು ಹೊರಗೆ ಹೋಗುವ ತಟ್ಟೆಗಳು. ಪ್ರತಿ ತಟ್ಟೆಯಲ್ಲೂ ಎಲ್ಲ ಬಗೆಯೂ ಇರಬೇಕು, ಮುರಿದ ಚಕ್ಕುಲಿ ಇರಬಾರದು, ಮೇಲೊಂದು ಕಸೂತಿಯ ಬಟ್ಟೆ. ತಟ್ಟೆ ತೊಳೆದು ಖಾಲಿ ವಾಪಸು ಕೊಡುವ ಕ್ರಮ ಕರಾವಳಿಯ ಯಾವ ಮನೆಯಲ್ಲೂ ಇಲ್ಲ. ಕಡೆಗೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರುತ್ತದೆ, ಇಲ್ಲದಿದ್ದರೆ ದೀಪಾವಳಿಯ ತನಕ ಋಣ.

ಕರಾವಳಿಯಿಂದ ಘಟ್ಟ ಹತ್ತಿ ಉತ್ತರಕ್ಕೆ ಹೋದರೆ ಕುಸ್ವಾರಿಗೆ ರಕ್ತಸಂಬಂಧವಿಲ್ಲದ ಒಂದು ಜೋಡಿ ಸಿಗುತ್ತದೆ. ಫಳಾರ. ಮೂಲದಲ್ಲಿ ಅದು ಫಲಾಹಾರ. ವ್ರತದ ದಿನ ಅನ್ನ ಬಿಟ್ಟವರು ಹಣ್ಣುಹಂಪಲು ತಿಂದು ಜೀವ ಹಿಡಿದುಕೊಳ್ಳುವುದು. ಕೊನ್ಸುವಾದಕ್ಕೆ ಇದಕ್ಕಿಂತ ಒಳ್ಳೆಯ ಸಂಸ್ಕೃತ ಪದ ಸಿಗಲಾರದು. ಆಮೇಲೆ ಹಣ್ಣಿನ ಜಾಗಕ್ಕೆ ಅವಲಕ್ಕಿ ಬಂತು, ಉಪ್ಪಿಟ್ಟು ಬಂತು. ಒಪ್ಪತ್ತಿನ ದಿನದ ಫಲಾಹಾರ ಊಟಕ್ಕಿಂತ ಭಾರವಾಯಿತು ಎಂದು ಮನೆಯ ಗಂಡಸರು ತೇಗುತ್ತ ಹೇಳುವ ತಮಾಷೆ ಹಳೆಯದು. ಧಾರವಾಡ, ಬೆಳಗಾವಿಯ ಕಡೆ ಪದ ಇನ್ನೂ ಮುಂದೆ ಹೋಗಿ ಫಳಾರ ಎಂದರೆ ಜಾತ್ರೆಯಿಂದ ತರುವ ಚುರುಮುರಿ, ಬೆಂಡು, ಬತ್ತಾಸು, ಖಾರೀಕು ಎಂದಾಯಿತು. ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರು ಓಣಿಯ ಮನೆಮನೆಗೆ ಫಳಾರ ಕೊಡಬೇಕು. ಉಪವಾಸದ ತುತ್ತು, ಅದರಿಂದ ಹಂಚುವ ತಿಂಡಿ, ಅದರಿಂದ ಅಂಗಡಿಯಲ್ಲಿ ಕೊಳ್ಳುವ ಸಾಮಾನು. ಲಿಸ್ಬನ್ನಿನ ಪದ ನಡೆದ ದಾರಿಯಲ್ಲೇ ಸಂಸ್ಕೃತದ ಪದವೂ ತನ್ನಷ್ಟಕ್ಕೆ ನಡೆದಿದೆ. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ. ಕ್ರಿಸ್‌ಮಸ್ಸನ್ನು ಮಾತ್ರ ಮಾರುಕಟ್ಟೆ ಕೆಡಿಸಿತು ಎಂದು ಕೊರಗುವವರು, ಸಂಕ್ರಾಂತಿಗೆ ಎಳ್ಳು ಬೀರುವ ಸಾಮಾನು ಪ್ಯಾಕೆಟ್ಟಿನಲ್ಲಿ ಕತ್ತರಿಸಿಯೇ ಸಿಗುವುದನ್ನು ಕಂಡಿಲ್ಲವೆಂದು ಕಾಣುತ್ತದೆ. ಜಾತ್ರೆಯ ಫಳಾರವಂತೂ ಯಾವತ್ತೂ ಮನೆಯಲ್ಲಿ ಮಾಡಿದ್ದಲ್ಲ. ಕೊಂಡು ತಂದದ್ದು ಎಂಬ ಕಾರಣಕ್ಕೆ ಅದನ್ನು ಯಾರೂ ಕೀಳೆಂದೂ ಹೇಳಿಲ್ಲ. ಜಾತ್ರೆಗೆ ಹೋಗದವರಿಗೆ ಅದು ತಲುಪಿದರಾಯಿತು.

ಹಾಗಾದರೆ ಕುಸ್ವಾರಿನಲ್ಲಿ ಕಳೆದುಹೋದದ್ದು ಏನು? ಮೊದಲು ಹೋದದ್ದು ಹಸಿವು. ಅದಕ್ಕೆ ಅಂಗಡಿ ಕಾರಣವಲ್ಲ, ರೋಮ್ ಕಾರಣ. 1917ರ ಕ್ಯಾನನ್ ಕಾನೂನಿನಲ್ಲಿ ಉಪವಾಸದ ಮುನ್ನಾದಿನಗಳು ನಾಲ್ಕೇ ಉಳಿದಿದ್ದವು, ಕ್ರಿಸ್‌ಮಸ್ಸಿನದು ಅವುಗಳಲ್ಲಿ ಒಂದು. 1966ರಲ್ಲಿ ಆರನೆಯ ಪೌಲ್ ಪೋಪರು ನಿಯಮಗಳನ್ನು ತಿದ್ದಿದಾಗ ಇಡೀ ಸಭೆಗೆ ಕಡ್ಡಾಯವಾದ ಉಪವಾಸವಾಗಿ ಉಳಿದದ್ದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಮಾತ್ರ. ಡಿಸೆಂಬರ್ 24 ಊಟದ ದಿನವಾಯಿತು. ಸಂತೈಸಬೇಕಾದ ಹೊಟ್ಟೆಯೇ ಇಲ್ಲದ ಮೇಲೂ ಸಂತೈಸುವ ಪದ ಉಳಿಯಿತು. ಕಾನೂನು ತಿದ್ದಿದವರು ಕಡ್ಡಾಯ ಬೇಡ, ಮನಸ್ಸಿನಿಂದ ಮಾಡಲಿ ಎಂದು ಬಯಸಿದ್ದರು. ಮನಸ್ಸಿನಿಂದ ಎಂದರೆ ಏನಾಗುತ್ತದೆ ಎಂಬುದು ಯಾವ ಮತದವರಿಗೂ ಗೊತ್ತಿರುವ ಸಂಗತಿ.

ಎರಡನೆಯದಾಗಿ ಹೋದದ್ದು ಚಾಪೆಯ ಮೇಲೆ ಕೂರುವ ಮಂದಿ. ಮಂಗಳೂರಿನ ಮಕ್ಕಳು ಮೊದಲು ಮುಂಬಯಿಗೆ, ಆಮೇಲೆ ಕೊಲ್ಲಿಗೆ, ಈಗ ಕೆನಡಾ, ಆಸ್ಟ್ರೇಲಿಯಕ್ಕೆ ಹೋದರು. ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು ಉಳಿದರೆ ಕಿಡ್ಯೊ ಸುತ್ತುವವರು ಯಾರು? ಎಣ್ಣೆಯ ಮುಂದೆ ಮೂರು ನಾಲ್ಕು ರಾತ್ರಿ ಕೂತ ಹೆಂಗಸರ ಸೊಂಟನೋವನ್ನು ‘ಪರಂಪರೆ’ ಎಂದು ಹೊಗಳುವುದು, ಆ ಎಣ್ಣೆಯ ಹತ್ತಿರ ಸುಳಿಯದವರಿಗೆ ಸುಲಭ. ಬೇಕರಿ ಈ ಜಾಗಕ್ಕೆ ಬಂತು. ಬೇಕರಿಗಿಂತ ಮುಂಚೆ ಅಕ್ಕಪಕ್ಕದ ಮನೆಯ ಹೆಂಗಸರೇ ಆರ್ಡರು ಹಿಡಿದು ಮಾಡಿಕೊಡತೊಡಗಿದರು. ಇವರಲ್ಲಿ ಹಲವರಿಗೆ ಡಿಸೆಂಬರು ವರ್ಷದ ಒಳ್ಳೆಯ ಸಂಪಾದನೆಯ ತಿಂಗಳು. ಅವರ ಪಾಲಿಗೆ ಕುಸ್ವಾರೂ ಪಗಾರವೂ ಮತ್ತೆ ಒಂದೇ ಹಡಗಿನಲ್ಲಿವೆ. ಇದನ್ನು ಹಬ್ಬ ಕೆಟ್ಟಿತು ಎಂಬ ಖಾತೆಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಅಂಗಡಿ ಇಲ್ಲದಿದ್ದರೆ ಪದವೂ ಇಷ್ಟು ದೂರ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಕೊಂಕಣಿ ಮರೆತ ಮಕ್ಕಳಿಗೂ ಕುಸ್ವಾರ್ ಎಂಬ ಮಾತು ಗೊತ್ತಿರುವುದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದರಿಂದ. ನನ್ನ ತಕರಾರು ಇರುವುದು ಈಚೆಗೆ ಅದರ ಪಕ್ಕ ಬಂದು ಕೂತ ‘ಹ್ಯಾಂಪರ್’ ಎಂಬ ಪದದ ಮೇಲೆ. ಕುಸ್ವಾರ್ ಹ್ಯಾಂಪರ್! ಹಳೆಯ ಫ್ರೆಂಚಿನಲ್ಲಿ ಅದು ಬೆಲೆಬಾಳುವ ಪಾನಪಾತ್ರೆಗಳನ್ನು ಇಡುವ ಪೆಟ್ಟಿಗೆಯ ಹೆಸರು. ಒಳಗಿನ ವಸ್ತುವಿಗಿಂತ ಪೆಟ್ಟಿಗೆಗೇ ಬೆಲೆ ಎಂಬುದು ಅದರ ಹುಟ್ಟಿನಲ್ಲೇ ಇದೆ ಎಂದು ಚೇಷ್ಟೆಗೆ ಹೇಳಬಹುದು. ಕಂಪನಿಗಳು ತಮ್ಮ ಗಿರಾಕಿಗಳಿಗೆ ಕಳಿಸುವ ಆ ರಿಬ್ಬನ್ ಕಟ್ಟಿದ ಪೆಟ್ಟಿಗೆಯಲ್ಲಿ ನಾಲ್ಕು ನೆವ್ರಿ, ಹನ್ನೆರಡು ಕಿಡ್ಯೊ, ಒಂದು ಮೇಣದ ಬತ್ತಿ, ಕಂಪನಿಯ ಲಾಂಛನವಿರುವ ಕಾರ್ಡು. ಅದನ್ನು ಯಾರೂ ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕೊಡಲಾರರು. ತಟ್ಟೆ ಹೋಗಿ ಪೆಟ್ಟಿಗೆ ಬಂದಾಗ ಕಳೆದುಹೋದದ್ದು ಆ ವಾಪಸು ಬರುವ ದಾರಿ. ಮನೆಯಲ್ಲಿ ಮಾಡಿದರೋ ಕೊಂಡರೋ ಎಂಬುದು ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಬೇಕರಿಯ ಅರ್ಧ ಕೆಜಿಯನ್ನು ತಟ್ಟೆಗೆ ಸುರಿದು ನಾಲ್ಕು ಮನೆಗೆ ಕೊಟ್ಟರೆ ಅದು ಕುಸ್ವಾರೇ. ಕೈಯಾರೆ ಮಾಡಿದ್ದನ್ನು ಮನೆಯವರೇ ತಿಂದು ಮುಗಿಸಿದರೆ ಅದು ತಿಂಡಿ.

ಪದದ ಹಳೆಯ ಅರ್ಥವೇ ಅದರ ನಿಜವಾದ ಅರ್ಥ ಎಂದು ನಾನು ಸಾಧಿಸಹೊರಟಿಲ್ಲ. ಹಾಗೆ ಹಟ ಹಿಡಿದರೆ ಉಪ್ಪಿಟ್ಟಿಗೆ ಫಲಾಹಾರ ಎನ್ನುವಂತಿಲ್ಲ, ಅರ್ಧ ಶಬ್ದಕೋಶವನ್ನು ಹರಿದು ಹಾಕಬೇಕಾಗುತ್ತದೆ. ಆದರೆ ಕೆಲವು ಪದಗಳಲ್ಲಿ ಹಳೆಯ ಅರ್ಥ ಪೂರ್ತಿ ಸತ್ತಿರುವುದಿಲ್ಲ. ಪದದ ವ್ಯುತ್ಪತ್ತಿ ಕೇಳಿಯೂ ಇಲ್ಲದವರ ಪದ್ಧತಿಯೊಳಗೆ ಅದು ಉಳಿದಿರುತ್ತದೆ. ಕುಸ್ವಾರಿನಲ್ಲಿ ಅದು ಉಳಿದಿರುವುದು ಸೂತಕದ ಮನೆಯಲ್ಲಿ. ಆ ವರ್ಷ ಸಾವು ಕಂಡ ಮನೆಯಲ್ಲಿ ಕುಸ್ವಾರ್ ಮಾಡುವುದಿಲ್ಲ. ಎಣ್ಣೆಯ ಬಾಣಲೆ ಒಲೆಗೇರುವುದಿಲ್ಲ, ನಕ್ಷತ್ರವನ್ನೂ ಕೆಲವರು ಕಟ್ಟುವುದಿಲ್ಲ. ಆದರೆ ಆ ಮನೆ ಕುಸ್ವಾರಿಲ್ಲದೆ ಇರುವುದಿಲ್ಲ. ನೆಂಟರು ಕಳಿಸುತ್ತಾರೆ, ನೆರೆಯವರು ಕಳಿಸುತ್ತಾರೆ. ಉಳಿದ ಮನೆಗಳಿಗೆ ಹೋಗುವ ತಟ್ಟೆ ಲೆಕ್ಕದ್ದು. ನೀವು ಕೊಟ್ಟಿರಿ, ನಾವು ಕೊಟ್ಟೆವು. ಈ ಮನೆಗೆ ಹೋಗುವ ತಟ್ಟೆಗೆ ಲೆಕ್ಕವಿಲ್ಲ. ಅದು ಈ ವರ್ಷ ತುಂಬಿ ಬರುವುದಿಲ್ಲವೆಂದು ಕಳಿಸುವವರಿಗೆ ಮೊದಲೇ ಗೊತ್ತು. ಪೋರ್ಚುಗಲ್ಲಿನ ಹಳ್ಳಿಯಲ್ಲಿ ತಟ್ಟೆ ಇಡುವುದು ಸತ್ತವರಿಗೆ, ಇಲ್ಲಿ ತಟ್ಟೆ ಹೋಗುವುದು ಅವರನ್ನು ಕಳೆದುಕೊಂಡವರಿಗೆ. ಕೊನ್ಸೊಲಾರಿ ಎಂಬ ಧಾತುವಿನ ಹೆಸರು ಕೇಳದ ಬಜಪೆಯ, ಮೂಡಬಿದಿರೆಯ, ಕಲ್ಯಾಣಪುರದ ಅಮ್ಮಂದಿರು ಅದನ್ನು ಸರಿಯಾಗಿ ಬಳಸಿಕೊಂಡು ಬಂದಿದ್ದಾರೆ.

ಈಗ ಆ ಮನೆಯವರೂ ಬೇಕಿದ್ದರೆ ಫೋನಿನಲ್ಲೇ ತರಿಸಿಕೊಳ್ಳಬಹುದು, ಸಂಜೆಯೊಳಗೆ ಬಾಗಿಲಿಗೆ ಬರುತ್ತದೆ. ತರಿಸಿಕೊಂಡವರೂ ಇದ್ದಾರು, ತಪ್ಪೇನಿಲ್ಲ. ಆದರೆ ಆ ಸಂದರ್ಭಕ್ಕೆ ಕೊಂಕಣಿಯಲ್ಲಿ ಸರಿಯಾದ ಕ್ರಿಯಾಪದ ಹುಡುಕಿದರೆ ಒಂದು ತೊಡಕು ಎದುರಾಗುತ್ತದೆ. ಕುಸ್ವಾರಿಗೆ ಅಂಟಿಕೊಂಡು ಬಂದ ಕ್ರಿಯೆಗಳು ಎರಡು, ‘ಕರ್ಚೆಂ’ ಮತ್ತು ‘ವಾಂಟ್ಚೆಂ’, ಮಾಡುವುದು ಮತ್ತು ಹಂಚುವುದು. ಅಂಗಡಿ ಬಂದ ಮೇಲೆ ಸೇರಿಕೊಂಡದ್ದು ‘ಘೆಂವ್ಚೆಂ’. ಅದರ ಮೊದಲ ಅರ್ಥ ತೆಗೆದುಕೊಳ್ಳುವುದು, ಕೊಟ್ಟದ್ದನ್ನು ಸ್ವೀಕರಿಸುವುದು. ಕೊಳ್ಳುವುದಕ್ಕೂ ಅದೇ ಪದ. ನಮ್ಮ ‘ಕೊಳ್ಳು’ ಕೂಡ ಅದೇ ದಾರಿಯದು. ಹಳಗನ್ನಡದ ‘ಕೊಳ್’ ಕೈಯೊಡ್ಡಿ ಪಡೆಯುವುದಕ್ಕೂ ಇತ್ತು, ದುಡ್ಡು ಕೊಟ್ಟು ಪಡೆಯುವುದಕ್ಕೂ ಸಂದಿತು. ಕೊಂಡದ್ದೇ ಎಂದು ಬಿಡಿಸಿ ಹೇಳಬೇಕಾದರೆ ಕೊಂಕಣಿಯವರು ಹಿಂದೆ ‘ಮೊಲಾಕ್’ ಎಂದು ಸೇರಿಸುತ್ತಾರೆ, ಅಂದರೆ ಬೆಲೆಗೆ. ಆ ಒಂದು ಪದ ಹೇಳದಿದ್ದರೆ, ಡಿಸೆಂಬರಿನಲ್ಲಿ ಒಬ್ಬರು ಕುಸ್ವಾರ್ ತೆಗೆದುಕೊಂಡರು ಎಂದಾಗ ಅದು ಬೇಕರಿಯ ಕೌಂಟರಿನಲ್ಲೋ, ಅಂಗಳದಲ್ಲಿ ತಟ್ಟೆ ಹಿಡಿದು ನಿಂತ ನೆರೆಮನೆಯ ಮಗುವಿನ ಕೈಯಿಂದಲೋ, ಕೇಳಿದವರು ಮುಂದಿನ ಮಾತಿಗೆ ಕಾಯಬೇಕು.